ಕಣದಲ್ಲಿ ಸಾಕ್ಷಿ ಹೇಳಿದ ಬ್ಯಾಟರಿ

ಮೈಸೂರಿನ ಕಾಲೇಜಿನಲ್ಲಿ ನನ್ನನ್ನು ವಾದದಲ್ಲಿ ಸೋಲಿಸಿದವರಿಲ್ಲ. ಚರ್ಚಾಸ್ಪರ್ಧೆಯಲ್ಲಿ ಗೆದ್ದ ಬೆಳ್ಳಿ ಬಟ್ಟಲು ನಮ್ಮ ಮನೆಯ ಗೋಡೆಗೂಡಿನಲ್ಲಿ, ದೇವರಿಗಿಂತ ಒಂದು ಗೇಣು ಮೇಲೆ ಕೂತಿತ್ತು. ಪುರಾವೆ ಇಲ್ಲದೆ ಯಾವುದನ್ನೂ ಒಪ್ಪಬಾರದು ಎಂಬುದು ನನ್ನ ಸಿದ್ಧಾಂತ. ಆ ಸಿದ್ಧಾಂತಕ್ಕೆ ಒಂದು ನಿರಪರಾಧಿ ಬ್ಯಾಟರಿ ಬಲಿಯಾಯಿತು!

ಯುದ್ಧದ ಕಾಲ. ಊರು ಬಿಟ್ಟು ಹೋದ ಇಂಗ್ಲಿಷ್ ದೊರೆಯೊಬ್ಬನಿಂದ ಅಪ್ಪ ಒಂದು ರೇಡಿಯೋ ಕೊಂಡಿದ್ದರು. ಕೊಟ್ಟಿಗೆಹಾರದ ಕಡೆಯ ನಮ್ಮ ತೋಟಕ್ಕೆ ಕರೆಂಟು ಎಲ್ಲಿಂದ ಬರಬೇಕು? ರೇಡಿಯೋ ಹಾಡುತ್ತಿದ್ದದ್ದು ಮೋಟಾರು ಕಾರಿನ ಬ್ಯಾಟರಿಯಿಂದ. ಅದು ಖಾಲಿಯಾದಾಗಲೆಲ್ಲ ಮೂಡಿಗೆರೆಗೆ ಹೊತ್ತೊಯ್ದು ಚಾರ್ಜ್ ಮಾಡಿಸಬೇಕು.

ಆ ಶನಿವಾರ ಸಂಜೆ, ನಮ್ಮ ಮನೆಯಲ್ಲೇ ಇದ್ದ ಸಣ್ಣತ್ತೆಯ ಮಗಳು ಸುಶೀಲ ಮೈಸೂರಿನ ರೇಡಿಯೋದಲ್ಲಿ ಹಾಡುವವಳಿದ್ದಳು. ಮದುವೆಯಾಗಿ ಹೋದ ಮೇಲೆ ಗಂಡನೇ ಸಂಗೀತ ಹೇಳಿಸಿದ್ದನಂತೆ. ರಜೆಗೆ ಊರಿಗೆ ಬಂದಿದ್ದ ನನ್ನನ್ನು ಅತ್ತೆ ಕರೆದು ಮೆಲ್ಲಗೆ ಹೇಳಿದರು: "ಮನೇಲಿದ್ದಾಗ ಅವಳು ಗುನುಗಿದ್ರೆ ಸಾಕು, ಹೆಣ್ಣು ಮಕ್ಕಳಿಗೆ ಎಂತ ಹಾಡು ಅಂತ ಬೈದು ಬಾಯಿ ಮುಚ್ಚಿಸ್ತಿದ್ದೆ ಕಣೋ. ಒಂದು ಸಲನಾದ್ರೂ ಪೂರ್ತಿ ಕೇಳ್ಬೇಕು. ಬ್ಯಾಟರಿ ಜೋಪಾನ."

"ಅತ್ತೆ, ನಾನಿದ್ದೇನೆ!" ಎಂದೆ. ಅಪಾಯ ಇದ್ದದ್ದೂ ಅಲ್ಲೇ.

ಅದೇ ದಿನ ಬೆಳಿಗ್ಗೆ ಮೂಡಿಗೆರೆಯಲ್ಲಿ ಮೆಕ್ಯಾನಿಕ್ ಖಾದರ್ ಸಾಬ್ರು ಬ್ಯಾಟರಿಯ ಬೆನ್ನು ತಟ್ಟಿ, "ಫುಲ್ ಚಾರ್ಜ್! ತಗೊಂಡು ಹೋಗಿ ಸಾಮಿ" ಎಂದರು.

"ಪುರಾವೆ?"

ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಹೆಣ್ಣು ನೋಡೋಕೆ ಬಂದವರೂ ಇಷ್ಟು ಕೇಳಲ್ಲ ಸಾಮಿ!" ಎನ್ನುತ್ತಾ ಹಳೆಯ ಕಾರಿನ ದೀಪದ ಬಲ್ಬಿಗೆ ಎರಡು ವೈರು ಕಟ್ಟಿ ಮುಟ್ಟಿಸಿದರು. ಕಣ್ಣು ಕುಕ್ಕುವ ಬೆಳಕು! ಪುರಾವೆಯನ್ನು ಅಲ್ಲೇ ಬಿಟ್ಟು ಬರುವುದು ನ್ಯಾಯವೇ? ಬಲ್ಬನ್ನೂ ಕೇಳಿ ತಂದೆ.

ಪೆಟ್ರೋಲಿಲ್ಲದೆ ಇದ್ದಿಲಿನ ಗ್ಯಾಸಿನಲ್ಲಿ ಓಡುವ ಬಸ್ಸು ಏರಿನಲ್ಲಿ ಏದುಸಿರು ಬಿಡುತ್ತಾ ನಿಂತಾಗಲೆಲ್ಲ ಯಾರಾದರೊಬ್ಬರು, "ಪೆಟ್ಟಿಗೇಲಿ ಎಂತದು?" ಎನ್ನುವರು. ನಾನು ಬಲ್ಬು ಉರಿಸಿ ತೋರಿಸುವೆ. ಬಸ್ಸು ಬಹಳ ಸಲ ನಿಂತಿತು.

ಮನೆ ಸೇರಿದಾಗ ಕಾಫಿ ಕಣದ ಕಟ್ಟೆಯ ಮೇಲೆ ಪಕ್ಕದ ತೋಟದ ಹೂವೇಗೌಡ್ರು ಕೂತಿದ್ದರು. ಅಪ್ಪನ ಗೆಳೆಯರು. ಬ್ಯಾಟರಿ ನೋಡಿ ನಕ್ಕರು.

"ಕರೆಂಟು ಅಂದ್ರೆ ಹರಿಯೋದು ಮಾರಾಯ. ಶಿವನಸಮುದ್ರದಲ್ಲಿ ನೀರು ಬಿದ್ರೆ ಉಂಟು, ನಿಂತ್ರೆ ಇಲ್ಲ. ಅದನ್ನ ಉಪ್ಪಿನಕಾಯಿ ಥರ ತುಂಬಿಡೋಕಾಗುತ್ತಾ? ಖಾದರ್ ನಿಂಗೆ ಬರೀ ನೀರು ತುಂಬಿ ಕೊಟ್ಟಿದ್ದಾನೆ."

ಅದು ಬರೀ ಮಾತಲ್ಲ, ಸವಾಲು! ಬ್ಯಾಟರಿಯನ್ನು ಕಣದ ನಡುವೆ ಇಟ್ಟು, ಬಲ್ಬು ಹೊತ್ತಿಸಿ, ಸಾಕ್ಷಿಯನ್ನು ಕಟಕಟೆಗೆ ಏರಿಸಿ, ವಾದ ಆರಂಭಿಸಿದೆ.

"ಗೌಡ್ರೇ, ಇದರೊಳಗೆ ತುಂಬಿಟ್ಟಿರುವುದು ಕರೆಂಟಲ್ಲ. ಸೀಸದ ತಗಡು, ಆಸಿಡ್ಡು. ಚಾರ್ಜ್ ಮಾಡಿದಾಗ ಸೀಸದ ಗುಣ ಬದಲಾಗುತ್ತದೆ. ಅದು ಮತ್ತೆ ಹಳೆಯ ಸ್ಥಿತಿಗೆ ಮರಳುವಾಗ ಕರೆಂಟು ಕೊಡುತ್ತದೆ. ಪೂರ್ತಿ ಮರಳಿತೋ, ಮುಗಿಯಿತು."

ಈ ಕೊನೆಯ ವಾಕ್ಯವನ್ನು ಆಡಿದವನು ನಾನೇ. ಕೇಳಿಸಿಕೊಳ್ಳದವನೂ ನಾನೇ!

ಊಟವಾಯಿತು, ಎಲೆ ಅಡಿಕೆಯಾಯಿತು, ಎರಡು ಸಲ ಕಾಫಿಯೂ ಆಯಿತು. ಬಲ್ಬು ಉರಿಯುತ್ತಲೇ ಇತ್ತು. ಸಾಕ್ಷಿಯನ್ನು ವಿಚಾರಣೆಯ ಮಧ್ಯೆ ಕೆಳಗಿಳಿಸುವ ಪದ್ಧತಿ ಎಲ್ಲಿಯಾದರೂ ಇದೆಯೇ?

"ನಿನ್ನ ಸಾಕ್ಷಿ ಮಂಕಾದ ಹಾಗಿದೆಯಲ್ಲ ಮಾರಾಯ" ಎಂದರು ಗೌಡ್ರು.

"ಬಿಸಿಲಿಗೆ ಹಾಗೆ ಕಾಣುತ್ತದೆ."

"ಬಿಸಿಲು ಹೋಗಿ ಆಗ್ಲೇ ಎಷ್ಟೊತ್ತಾಯ್ತು!"

ತಿರುಗಿ ನೋಡಿದೆ. ಬಲ್ಬಿನೊಳಗಿನ ತಂತಿ ಆರುವ ಊದುಬತ್ತಿಯಂತೆ ಕೆಂಪಗಿತ್ತು.

ಹಾಡಿನ ಹೊತ್ತಿಗೆ ಎಲ್ಲರೂ ಜಗಲಿಯಲ್ಲಿ ಸೇರಿದರು. ಅತ್ತೆ ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದು ಉಟ್ಟಿದ್ದರು, ಮಗಳು ರೇಡಿಯೋದ ಒಳಗಿಂದ ನೋಡುತ್ತಾಳೋ ಎಂಬಂತೆ. ನಾನು ಗುಂಡಿ ತಿರುಗಿಸಿದೆ. ರೇಡಿಯೋ ಗುರುಗುಟ್ಟಿ, "ಈಗ ಶ್ರೀಮತಿ ಸು" ಎಂದು ಕಣ್ಣು ಮುಚ್ಚಿತು.

ಮತ್ತೆ ತಿರುಗಿಸಿದೆ. ವೈರು ಎಳೆದೆ. ಬ್ಯಾಟರಿಗೆ ಗುದ್ದಿದೆ. ಏರಿಯಲ್ ತಂತಿಯ ದೋಷ ಎಂದೆ, ಮೈಸೂರಿನವರದೇ ತಪ್ಪು ಎಂದೆ. ಅಷ್ಟರಲ್ಲಿ ಅತ್ತೆ ನನ್ನ ಕೈ ಹಿಡಿದು ಪಕ್ಕಕ್ಕೆ ಸರಿಸಿದರು.

"ಸಾಕು. ಯಾರೂ ಮುಟ್ಬೇಡಿ. ನೀನಂತೂ ಉಸಿರೆತ್ಬೇಡ."

ಎಲ್ಲರೂ ಸುಮ್ಮನೆ ಕೂತೆವು. ಅತ್ತೆಯ ಕಣ್ಣು ರೇಡಿಯೋದ ಮುಂಬದಿಯ ಬಟ್ಟೆಯ ಮೇಲೇ ಇತ್ತು. ಅಲ್ಲಿ ದೂರದಲ್ಲಿ ಸುಶೀಲ ಹಾಡುತ್ತಿದ್ದಾಳೆ, ಇಲ್ಲಿ ನಾನು ಗೆದ್ದ ವಾದವೊಂದು ತಾಯಿ ಮಗಳ ನಡುವೆ ಗೋಡೆಯಂತೆ ಕೂತಿದೆ. ನನ್ನ ಬಾಯಿಗೆ ಅಷ್ಟು ದೀರ್ಘವಾದ ಬಿಡುವು ಹಿಂದೆಂದೂ ಸಿಕ್ಕಿರಲಿಲ್ಲ.

ಬಹಳ ಹೊತ್ತಿನ ಮೇಲೆ ಅತ್ತೆ ಎದ್ದು, ಹಟಕ್ಕೆ ಬಿದ್ದವರಂತೆ ತಾವೇ ಗುಂಡಿ ತಿರುಗಿಸಿದರು. ರೇಡಿಯೋದ ದೀಪ ಮಿಣುಕಿತು. ಮತ್ತೆ ಗುರುಗುಟ್ಟಿತು. ಆಮೇಲೆ, ನಿಜವಾಗಿಯೂ, ಹಾಡು! ಈ ಜಗಲಿಯಲ್ಲೇ ಕಾಫಿಬೀಜ ಆರಿಸುತ್ತಾ ಅವಳು ಗುನುಗಿ ಬೈಸಿಕೊಳ್ಳುತ್ತಿದ್ದ ದೇವರನಾಮ.

"ಅವಳೇ!" ಎಂದರು ಅತ್ತೆ. ಸೆರಗು ಬಾಯಿಗೆ ಹೋಯಿತು.

ಅಲ್ಲಿಗೆ ನಾನು ಸುಮ್ಮನಿರಬೇಕಿತ್ತು.

"ನೋಡಿದಿರಾ ಗೌಡ್ರೇ! ದಣಿದ ಬ್ಯಾಟರಿ ವಿಶ್ರಾಂತಿ ಕೊಟ್ಟರೆ ಸ್ವಲ್ಪ ಚೇತರಿಸಿಕೊಳ್ಳುತ್ತದೆ! ಆಸಿಡ್ಡು ಮತ್ತೆ ತಗಡಿನೊಳಕ್ಕೆ ಇಳಿದು..."

ನನ್ನ ವಿವರಣೆ ಮುಗಿಯುವುದಕ್ಕೂ ರೇಡಿಯೋ ನಿಲ್ಲುವುದಕ್ಕೂ ಸರಿಹೋಯಿತು. ಹಾಡು ನನ್ನ ಮಾತಿನ ಅಡಿಯಲ್ಲೇ ತೀರಿಹೋಗಿತ್ತು.

ಅತ್ತೆ ನನ್ನತ್ತ ತಿರುಗಿದರು. "ಈ ಮನೇಲಿ ಅವಳ ಬಾಯಿ ಮುಚ್ಚಿಸಿದ್ದು ನನ್ನ ತಪ್ಪು ಕಣೋ. ಮುಚ್ಚಿಸಬೇಕಾಗಿದ್ದ ಬಾಯಿ ಬೇರೆ ಇತ್ತು."



ಈಗ ಬ್ಯಾಟರಿಯನ್ನು ಮೂಡಿಗೆರೆಗೆ ಒಯ್ದು ತರುವವರು ಹೂವೇಗೌಡ್ರು. ಕರೆಂಟು ತುಂಬಿಡಲು ಆಗುವುದಿಲ್ಲ ಎಂದು ಅವರು ಇವತ್ತಿಗೂ ನಂಬಿದ್ದಾರೆ. ಅದಕ್ಕೇ ಏನನ್ನೂ ಪರೀಕ್ಷಿಸದೆ ಸೀದಾ ತಂದಿಡುತ್ತಾರೆ. ಅವರು ತಂದ ಬ್ಯಾಟರಿ ವಾರಗಟ್ಟಲೆ ಹಾಡುತ್ತದೆ! ಮುಂದಿನ ಸಲ ಸುಶೀಲ ಹಾಡಿದಾಗ ಅತ್ತೆ ಮೊದಲಿನಿಂದ ಕೊನೆಯವರೆಗೂ ಕೇಳಿದರಂತೆ.

ಅಂತೆ ಎನ್ನಲು ಕಾರಣವಿದೆ. ಆ ಹೊತ್ತಿಗೆ ನನ್ನನ್ನು ಕಣ ಕಾಯಲು ಕಳಿಸಿದ್ದರು.