ಹೊಸ್ತಿಲು ದಾಟುವ ತನಕ

ಬಾಲಸುಬ್ರಹ್ಮಣ್ಯನವರು ಆ ಮಂಗಳವಾರ ಪಟ್ಟ ಪಾಡಿಗೆಲ್ಲ ಮೈಸೂರಿನಿಂದ ಫೋನಿನಲ್ಲಿ ಬಂದ ಒಂದೇ ಒಂದು ಮಾತು ಕಾರಣ.

“ಅಸ್ಥಿ ಬಿಟ್ಟ ಮೇಲೆ ಹಿಂದಿರುಗಿ ನೋಡ್ಬೇಡಿ,” ಎಂದು ಪುರೋಹಿತರು ಹೇಳಿದ್ದರು. “ಯಾರು ಕೂಗಿದ್ರೂ ನೋಡ್ಬೇಡಿ. ಮನೆ ಹೊಸ್ತಿಲು ದಾಟೋ ತನಕ ಕತ್ತು ಹೊರಳಬಾರದು. ನೋಡಿದ್ರೋ, ಹೋಗೋ ಜೀವಕ್ಕೆ ಮತ್ತೆ ಇಲ್ಲಿಯ ಆಸೆ ಹುಟ್ಟುತ್ತೆ. ನಿಮ್ಮ ಹಿಂದೇನೇ ಮನೆಗೆ ಬಂದ್ಬಿಡುತ್ತೆ.”

ಪುರೋಹಿತರ ಮನಸ್ಸಿನಲ್ಲಿದ್ದದ್ದು ಶ್ರೀರಂಗಪಟ್ಟಣ. ಅಲ್ಲಿ ಹೊಳೆಯಿಂದ ನಾಲ್ಕು ಹೆಜ್ಜೆ ನಡೆದರೆ ಕಾರು, ಕಾರು ಹತ್ತಿದರೆ ಅರ್ಧ ಗಂಟೆಗೆ ಮನೆ. ಕತ್ತು ನೆಟ್ಟಗಿಟ್ಟುಕೊಳ್ಳುವುದು ಕಷ್ಟವಲ್ಲ. ಬಾಲಸುಬ್ರಹ್ಮಣ್ಯನವರು ಇದ್ದದ್ದು ಪರ್ತ್ ನಗರದ ಕ್ಯಾನಿಂಗ್ಟನ್ನಿನಲ್ಲಿ, ಮಗಳು ಗೌರಿಯ ಮನೆಯಲ್ಲಿ. ಅಲ್ಲಿಂದ ಫ್ರೀಮ್ಯಾಂಟಲ್ ಬಂದರಿನ ಸಮುದ್ರಕ್ಕೆ ಎರಡು ರೈಲು, ಒಂದು ಬಸ್ಸು.

ಹೆಂಡತಿ ಜಯಲಕ್ಷ್ಮಿ ತೀರಿಕೊಂಡು ಹತ್ತು ತಿಂಗಳಾಗಿತ್ತು. ಇಬ್ಬರೂ ಕೂಡಿ ಮಗಳ ಮನೆಗೆ ಬರುವುದೆಂದು ಟಿಕೆಟು ಮಾಡಿಸಿ ಆಗಿತ್ತು. “ಗೌರಿ ಊರಿನ ಸಮುದ್ರ ನೋಡ್ಬೇಕು ಕಣ್ರೀ,” ಎಂದು ಆಕೆ ಹೇಳಿಕೊಂಡೇ ಇದ್ದಳು. ಹೊರಡಲು ಹದಿನೆಂಟು ದಿನ ಇರುವಾಗ ಹೋಗಿಬಿಟ್ಟಳು. ಬೂದಿಯನ್ನು ಕಾವೇರಿಗೆ ಬಿಡುವಾಗ ಬಾಲಸುಬ್ರಹ್ಮಣ್ಯನವರು ಒಂದು ಹಿಡಿಯಷ್ಟನ್ನು ತಾಮ್ರದ ತಂಬಿಗೆಯಲ್ಲಿ ಉಳಿಸಿಕೊಂಡಿದ್ದರು. ಅದನ್ನು ಈ ಸಮುದ್ರಕ್ಕೆ ಒಪ್ಪಿಸಿದರೆ ಆಕೆಯ ಆಸೆ ತೀರಿತು, ಆಕೆ ನಿಶ್ಚಿಂತೆಯಾಗಿ ಮುಂದೆ ಹೋಗುತ್ತಾಳೆ. ಅವರಿಗೆ ಬೇಕಾಗಿದ್ದದ್ದು ಅಷ್ಟೆ.

“ಭಾನುವಾರ ಕಾರಲ್ಲಿ ನಾನೇ ಕರ್ಕೊಂಡು ಹೋಗ್ತೀನಪ್ಪ,” ಎಂದಿದ್ದಳು ಗೌರಿ. ಅವಳಿಗೆ ಆಫೀಸು, ಅಳಿಯ ಉತ್ತಮ್ ಎರಡು ವಾರಕ್ಕೆಂದು ಗಣಿ ಕೆಲಸಕ್ಕೆ ಹೋಗಿದ್ದ.

“ಅಮಾವಾಸ್ಯೆ ಭಾನುವಾರಕ್ಕೆ ಬರೋಲ್ಲವಲ್ಲಮ್ಮ.”

ಪಕ್ಕದ ಮನೆಯ ಮಾರಿಸ್ ದಾರಿ ಹೇಳಿಕೊಟ್ಟರು. ಮಂಗಳೂರಿನವರು; ಇಪ್ಪತ್ತು ವರ್ಷ ಕುವೈತಿನಲ್ಲಿದ್ದು ಇಲ್ಲಿಗೆ ಬಂದವರು; ಊರಿಗೆಲ್ಲ ಸಲಹೆ ಕೊಡುವುದು ಅವರ ನಿವೃತ್ತ ಜೀವನದ ಉದ್ಯೋಗ. “ನೀವು ಹೆದರುವುದೇ ಬೇಡ ಮಾರಾಯ್ರೆ. ಪರ್ತಿನಲ್ಲಿ ರೈಲು ಬದಲಿಸಿ, ಕಡೆಯ ಸ್ಟೇಷನ್ನಿನಲ್ಲಿ ಇಳಿಯಿರಿ. ಅಲ್ಲಿ ಸುತ್ತು ಹೊಡೆಯುವ ಬಸ್ಸುಂಟು, ಟಿಕೆಟೇ ಬೇಡ. ನಾನೇ ಬಿಡುತ್ತಿದ್ದೆ, ನನ್ನ ಹೆಂಡತಿ ಸಿಲ್ವಿಯಾ ಕಾರು ತಕ್ಕೊಂಡು ಡ್ಯೂಟಿಗೆ ಹೋಗಿದ್ದಾಳೆ.”

ಹೋಗುವಾಗ ಎಲ್ಲವೂ ಸುಸೂತ್ರವಾಯಿತು. ಬಂದರಿನ ಪಕ್ಕದ ಸಣ್ಣ ಮರಳ ದಂಡೆಯಲ್ಲಿ ಜನವಿರಲಿಲ್ಲ. ದೂರದಲ್ಲಿ ಹಡಗಿನ ಕ್ರೇನುಗಳು ಕತ್ತು ಚಾಚಿಕೊಂಡು ಶ್ರಾದ್ಧಕ್ಕೆ ಬಂದ ನೆಂಟರ ಹಾಗೆ ಸಾಲಾಗಿ ನಿಂತಿದ್ದವು. ಬಾಲಸುಬ್ರಹ್ಮಣ್ಯನವರು ಫೋನು, ಕಾರ್ಡು, ಬೀಗದ ಕೈಗಳನ್ನು ಮರಳ ಮೇಲಿಟ್ಟು ನೀರಿನಲ್ಲಿ ಮುಳುಗಿ ಎದ್ದರು, ಮಂತ್ರ ಹೇಳಿದರು, ತಂಬಿಗೆ ಬಗ್ಗಿಸಿದರು. ಬೂದಿ ಸ್ವಲ್ಪ ಹೊತ್ತು ನೀರಿನ ಮೇಲೆ ಯೋಚನೆ ಮಾಡುತ್ತ ನಿಂತಂತಿದ್ದು, ಆಮೇಲೆ ಅಲೆಯ ಜೊತೆ ಹೋಯಿತು.

“ಹೋಗಿ ಬಾ ಜಯಾ,” ಎಂದರು ಗಟ್ಟಿಯಾಗಿ. “ನೀನು ಕೇಳಿದ ಸಮುದ್ರ ಇದೇ ನೋಡು.”

ಬೆನ್ನು ತಿರುಗಿಸಿ, ಮರಳ ಮೇಲಿಟ್ಟಿದ್ದನ್ನು ಎತ್ತಿಕೊಂಡು, ಒದ್ದೆ ಪಂಚೆಯಲ್ಲಿ, ಖಾಲಿ ತಂಬಿಗೆ ಹಿಡಿದು ನಡೆದರು. ಹತ್ತು ಹೆಜ್ಜೆ ಹಾಕಿರಬಹುದು.

“ರೀ…”

ಹೆಂಗಸಿನ ದನಿ. ಗಾಳಿಯಲ್ಲಿ ಅರ್ಧ ಹಾರಿಹೋಗಿ ಉಳಿದರ್ಧ ಕಿವಿಗೆ ಬಿತ್ತು. ಅವರ ಮೈಯ ಕೂದಲೆಲ್ಲ ದರ್ಭೆಯ ಹಾಗೆ ನೆಟ್ಟಗಾಯಿತು. ಹಾಗೆ ಕರೆಯುವ ಹೆಂಗಸರು ಕರ್ನಾಟಕದ ತುಂಬ ಇದ್ದಾರೆ, ನಿಜ. ಆದರೆ ಫ್ರೀಮ್ಯಾಂಟಲ್ಲಿನ ದಂಡೆಯ ಮೇಲೆ, ಅಮಾವಾಸ್ಯೆಯ ಬೆಳಗ್ಗೆ, ಈಗಷ್ಟೇ ಬೂದಿ ಬಿಟ್ಟ ನೀರಿನ ಕಡೆಯಿಂದ ಯಾರು ಕರೆದಾರು?

“ರೀ… ನಿಲ್ರೀ…”

ಯಾರು ಎಂದು ತಿರುಗದೆಯೇ ಕೇಳಬಹುದಿತ್ತು. ಆದರೆ “ನಾನೇ” ಎಂಬ ಉತ್ತರ ಬಂದರೆ? ಅವರು ಹೆಜ್ಜೆ ಜೋರುಮಾಡಿದರು. ಹಿಂದೆ ಮರಳಿನಲ್ಲಿ ಇನ್ನೊಂದು ಹೆಜ್ಜೆಯ ಸದ್ದೂ ಜೋರಾಯಿತು. ಇವರು ರಸ್ತೆಯ ಅಂಚಿನಲ್ಲಿ ನಿಂತರು. ಅದೂ ನಿಂತಿತು. ಬಳೆಗಳು ಒಮ್ಮೆ ಘಲ್ಲೆಂದು ಸುಮ್ಮನಾದವು. ಆಮೇಲೆ ಕೂಗು ಬರಲಿಲ್ಲ. ಅದು ಕೂಗಿಗಿಂತ ಕೆಟ್ಟದಾಗಿತ್ತು.

ಸುತ್ತು ಹೊಡೆಯುವ ಬಸ್ಸು ಬಂತು. ಹತ್ತಿ ಮುಂದಿನ ಸೀಟಿನಲ್ಲಿ ಕುಳಿತರು. ಹಿಂದೆ ಮೆಟ್ಟಿಲಿನ ಮೇಲೆ ಮೆಲ್ಲನೆ ಹೆಜ್ಜೆ, ಸೀರೆಯ ಸರಭರ, ಕೊಬ್ಬರಿ ಎಣ್ಣೆಯ ವಾಸನೆ. ಎರಡು ಸೀಟು ಬಿಟ್ಟು ಯಾರೋ ಕುಳಿತು ನಿಟ್ಟುಸಿರು ಬಿಟ್ಟರು. ಜಯಲಕ್ಷ್ಮಿಗೆ ಮಂಡಿನೋವಿತ್ತು, ಬಸ್ಸಿನಲ್ಲಿ ಕುಳಿತ ಕೂಡಲೇ ಹೀಗೆಯೇ ಉಸಿರು ಬಿಡುತ್ತಿದ್ದಳು.

ಬಸ್ಸು ಹತ್ತು ನಿಮಿಷ ಊರೊಳಗೆ ತಿರುಗಿ, ಒಂದು ಮೂಲೆಯಲ್ಲಿ ಹೊರಳಿ ನಿಂತಾಗ ಬಾಲಸುಬ್ರಹ್ಮಣ್ಯನವರು ಮುಂದಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಎದುರು ಗಾಜಿನಲ್ಲಿ ಅದೇ ಸಮುದ್ರ! ಹಿಂದಿದ್ದದ್ದು ತಾನಾಗಿಯೇ ಮುಂದೆ ಬಂದರೆ ಏನು ಮಾಡಬೇಕೆಂದು ಪುರೋಹಿತರು ಹೇಳಿರಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿದರು. ಮುಚ್ಚಿದ ಕಣ್ಣಿಗೆ ಸ್ಟೇಷನ್ನು ಕಾಣಲಿಲ್ಲ. ಬಸ್ಸು ಎರಡನೆಯ ಸುತ್ತು ಹೊರಟಿತು. ಕಣ್ಣು ತೆರೆದರೆ ಮತ್ತೆ ಸಮುದ್ರ. ಮೂರನೆಯ ಸುತ್ತು.

ಡ್ರೈವರು ಕನಿಕರದಿಂದ ಕೂಗಿದ: “ಸ್ಟೇಷನ್, ಮೇಟ್!” ಇವರು ಇಳಿಯುತ್ತಿದ್ದಂತೆ ಇವರ ಹೆಗಲಾಚೆ ನೋಡಿ, “ನೀವೂ ಇಳಿಯೋದೇನಮ್ಮ?” ಎಂಬರ್ಥದಲ್ಲಿ ಇಂಗ್ಲಿಷಿನಲ್ಲಿ ಕೇಳಿದ.

ಹಾಗಾದರೆ ಅವಳು ಡ್ರೈವರಿಗೂ ಕಾಣುತ್ತಿದ್ದಾಳೆ.

ರೈಲಿನಲ್ಲಿ ಅವರು ಕೂರಲಿಲ್ಲ. ಎಲ್ಲಿ ಕೂತರೂ ಎಲ್ಲೋ ಒಂದು ಕಡೆಯಿಂದ ಹಿಂದಿನದು ಕಾಣುವಂತಿತ್ತು. ಬೋಗಿಯ ಮುಂದಿನ ಗೋಡೆಗೆ ಮೂಗು ತಾಗುವಷ್ಟು ಹತ್ತಿರ, ತಪ್ಪು ಮಾಡಿದ ಶಾಲೆಯ ಹುಡುಗನ ಹಾಗೆ ನಿಂತರು. ಒದ್ದೆ ಪಂಚೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಯಾರೋ ಹಿಂದಿನಿಂದ “ಕಾರ್ಡ್, ಪ್ಲೀಸ್” ಎಂದರು. ತಿರುಗದೆಯೇ ಹೆಗಲ ಮೇಲಿಂದ ಟಿಕೆಟಿನ ಕಾರ್ಡನ್ನು ಹಿಂದಕ್ಕೆ ಚಾಚಿದರು. ತಣ್ಣನೆಯ ಬೆರಳು ಅದನ್ನು ತೆಗೆದುಕೊಂಡು, ಸ್ವಲ್ಪ ಹೊತ್ತಿನ ಮೇಲೆ ವಾಪಸು ಅಂಗೈಯಲ್ಲಿಟ್ಟಿತು. ಅದು ಯಾರ ಬೆರಳೋ ಅವರು ಯೋಚಿಸಲು ಹೋಗಲಿಲ್ಲ.

ಬಾಯಿಗೆ ಕೈ ಅಡ್ಡ ಹಿಡಿದು ಗೌರಿಗೆ ಫೋನು ಮಾಡಿದರು.

“ಅಪ್ಪ, ನಾನು ಮೀಟಿಂಗಲ್ಲಿದ್ದೀನಿ. ಎಲ್ಲಾ ಆಯ್ತಾ?”

“ಆಯ್ತು. ಆದರೆ ಹಿಂದೆ ಬರ್ತಿದ್ದಾರಮ್ಮ.”

“ಯಾರು? ತಿರುಗಿ ನೋಡಿ ಯಾರೂಂತ.”

“ನೋಡೋ ಹಾಗಿಲ್ಲ.”

“ಅಯ್ಯೋ, ಯಾರಪ್ಪ ಅದು?”

“ನಿಮ್ಮಮ್ಮ.”

ಗೌರಿ ದನಿ ತಗ್ಗಿಸಿ, “ಅಪ್ಪ, ಬೆಳಗ್ಗೆಯಿಂದ ಏನಾದ್ರೂ ತಿಂದಿದ್ದೀರಾ?” ಎಂದಳು.

ಅಷ್ಟರಲ್ಲಿ ಪಕ್ಕದ ಹಳಿಯಲ್ಲಿ ಇನ್ನೊಂದು ರೈಲು ಹಾದುಹೋಗಿ ಕಿಟಕಿಯ ಗಾಜು ಕಪ್ಪಾಯಿತು. ಗಾಜಿನಲ್ಲಿ ಒಂದು ಆಕಾರ ಕಂಡಿತು: ನರೆತ ತಲೆ, ಕೆಂಪಂಚಿನ ಸೀರೆ, ಮಡಿಲಲ್ಲಿ ಕಟ್ಟಿದ ಕೈ. ಅದು ಇವರನ್ನೇ ನೋಡುತ್ತಿತ್ತು. ಬಾಲಸುಬ್ರಹ್ಮಣ್ಯನವರು ಫೋನನ್ನು ತಂಬಿಗೆಗೆ ಹಾಕಿ, ಕಣ್ಣು ಮುಚ್ಚಿ ವಿಷ್ಣುಸಹಸ್ರನಾಮ ಹಿಡಿದರು. ಮುನ್ನೂರನೆಯ ನಾಮದ ಹೊತ್ತಿಗೆ ಪರ್ತ್ ಬಂದು ಹೋಯಿತು. ಸಹಸ್ರ ಮುಗಿದಾಗ ರೈಲೇ ಮುಗಿದಿತ್ತು. ಬೋರ್ಡು ಮಿಡ್‌ಲ್ಯಾಂಡ್ ಎಂದು ಹೇಳುತ್ತಿತ್ತು. ಪರ್ತಿನ ಆಚೆಯ ತುದಿ.

ಇಳಿದರು. ಹಿಂದೆ ಬಳೆಗಳೂ ಇಳಿದವು.

ವಾಪಸು ಹೋಗುವ ರೈಲು ಸಮುದ್ರದ ದಿಕ್ಕಿಗೇ ಮುಖಮಾಡಿ ನಿಂತಿತ್ತು. ಆ ದಿಕ್ಕಿಗೆ ನೋಡುತ್ತ ಹೋದರೆ ಇಷ್ಟು ಹೊತ್ತು ಪಟ್ಟ ಶ್ರಮವೆಲ್ಲ ನೀರುಪಾಲು. ಹಾಗಾಗಿ ಈ ಸಲ ಕಡೆಯ ಬೋಗಿ ಹತ್ತಿ, ಅದರ ಹಿಂದಿನ ಗೋಡೆಗೆ ಮೂಗು ತಾಗಿಸಿದರು. ರೈಲು ಪಶ್ಚಿಮಕ್ಕೆ ಓಡಿತು. ಬಾಲಸುಬ್ರಹ್ಮಣ್ಯನವರು ಪೂರ್ವಕ್ಕೆ ಮುಖಮಾಡಿ ಹಿಂದುಹಿಂದಾಗಿ ಅದರ ಜೊತೆ ಹೋದರು. ಬೆನ್ನ ಹಿಂದೆ ಯಾರೋ ಆಕಳಿಸಿದರು. ಸತ್ತವರಿಗೂ ಆಕಳಿಕೆ ಬರುತ್ತದೆಯೆಂದು ಅವರಿಗೆ ಗೊತ್ತಿರಲಿಲ್ಲ.

ಪರ್ತಿನಲ್ಲಿ ರೈಲು ಬದಲಿಸಿ ಕ್ಯಾನಿಂಗ್ಟನ್ ತಲಪಿದಾಗ ನಡುಮಧ್ಯಾಹ್ನ. ಸ್ಟೇಷನ್ನಿನಿಂದ ಮನೆಗೆ ಕಾಲು ಗಂಟೆಯ ದಾರಿ. ಆ ಹೊತ್ತಿನಲ್ಲಿ ಅಲ್ಲಿಯ ಬೀದಿಗಳಲ್ಲಿ ನರಪಿಳ್ಳೆ ಇರುವುದಿಲ್ಲ. ಮುಚ್ಚಿದ ಬಾಗಿಲು, ಇಳಿಬಿಟ್ಟ ಪರದೆ, ಒಂದೇ ಅಳತೆಗೆ ಕತ್ತರಿಸಿದ ಹುಲ್ಲು. ತಂತಿಯ ಮೇಲೆ ಕುಳಿತ ಕಾಗೆಯೊಂದು, ಆ ದೇಶದ ಕಾಗೆಗಳ ಅಭ್ಯಾಸದಂತೆ, ಹಸಿದ ಮಗುವಿನ ಹಾಗೆ ರಾಗವಾಗಿ ಅತ್ತಿತು. ಆ ಮೌನದಲ್ಲಿ ಎರಡೇ ಜೊತೆ ಚಪ್ಪಲಿಯ ಸದ್ದು. ಇವರದು ಚಟ್ ಚಟ್. ಅದರ ಹಿಂದೆ, ನಾಲ್ಕು ಮಾರು ದೂರದಲ್ಲಿ, ಒಂದು ಕಾಲು ಎಳೆಯುತ್ತ, ಚಟ್ ಸರ್ರ್, ಚಟ್ ಸರ್ರ್.

ಮಾರಿಸ್ ಗಿಡಗಳಿಗೆ ನೀರು ಬಿಡುತ್ತಿದ್ದರು. ತಲೆಯೆತ್ತಿ ನೋಡುತ್ತಲೇ ಅವರ ಮುಖ ಅರಳಿತು.

“ಓಹೋ! ಒಬ್ಬರೇ ಹೋದವರು ಇಬ್ಬರಾಗಿ ಬಂದಿರಲ್ಲ ಮಾರಾಯ್ರೆ!”

ಬಾಲಸುಬ್ರಹ್ಮಣ್ಯನವರು ಬೇಲಿಯ ಹತ್ತಿರ ಬಾಗಿದರು. “ನಿಮಗೂ ಕಾಣ್ತಿದ್ದಾಳಾ?”

“ಕಾಣದೆ ಏನು? ಪಾಪ, ಸುಸ್ತಾಗಿದ್ದಾರೆ. ಮೊದಲು ಒಳಗೆ ಕರ್ಕೊಂಡು ಹೋಗಿ, ನೀರಾದರೂ ಕೊಡಿ.”

“ಒಳಗೆ ಬರಬಾರದು ಮಾರಿಸ್. ಒಳಗೆ ಬರದೆ ಇರಲಿ ಅಂತಲೇ ಇಷ್ಟೆಲ್ಲ ಮಾಡಿದ್ದು.”

“ಎಂಥ ಮನುಷ್ಯರಪ್ಪ ನೀವು!” ಎಂದು ಮಾರಿಸ್ ಗೊಣಗಿ ಪೈಪನ್ನು ಗುಲಾಬಿಯ ಕಡೆ ತಿರುಗಿಸಿದರು.

ಬಾಲಸುಬ್ರಹ್ಮಣ್ಯನವರು ಬೀಗ ತೆಗೆದರು. ಬಾಗಿಲು ತೆರೆಯಿತು. ಇನ್ನು ಒಂದು ಹೆಜ್ಜೆ. ಬಲಗಾಲು ಒಳಗಿಟ್ಟು ಬಾಗಿಲು ಹಾಕಿಕೊಂಡರೆ ಮುಗಿಯಿತು. ಆಕೆಗೆ ಬಿಡುಗಡೆ.

ಹಿಂದೆ ಮೆಟ್ಟಿಲ ಕೆಳಗೆ ಚಪ್ಪಲಿ ನಿಂತಿತು. ಮಂಡಿ ನೋವಿನ ಆ ನಿಟ್ಟುಸಿರು ಮತ್ತೊಮ್ಮೆ ಕೇಳಿತು.

ಬಾಲಸುಬ್ರಹ್ಮಣ್ಯನವರ ಕಾಲು ಮೇಲೇಳಲಿಲ್ಲ. ಹತ್ತು ತಿಂಗಳಿಂದ ಅವರು ಒಬ್ಬರೇ ಕಾಫಿ ಕುಡಿದಿದ್ದರು. ಎದ್ದಾಗ ಯಾರೂ “ಎಲ್ಲಿಗೆ?” ಎಂದು ಕೇಳಿರಲಿಲ್ಲ. ಸಮುದ್ರದಿಂದ ಇಷ್ಟು ದೂರ, ಆ ಮಂಡಿ ಎಳೆದುಕೊಂಡು, ಮೂರು ರೈಲು ಹತ್ತಿ ಇಳಿದು ನಡೆದು ಬಂದವಳ ಮುಖದ ಮೇಲೆ ಬಾಗಿಲು ಹಾಕುವುದೆ? ದೇವರೇ, ಇದೊಂದು ತಪ್ಪನ್ನು ನನ್ನ ಲೆಕ್ಕಕ್ಕೆ ಹಾಕು, ಅವಳದಕ್ಕೆ ಬೇಡ ಎಂದುಕೊಂಡರು.

“ಬರೋದಾದ್ರೆ ಬಾ ಜಯಾ,” ಎಂದು ಪೂರ್ತಿಯಾಗಿ ತಿರುಗಿ ನಿಂತರು.

ಮೆಟ್ಟಿಲ ಕೆಳಗೆ ಅವರು ಹುಟ್ಟಿದಾರಭ್ಯ ಕಾಣದ ಒಬ್ಬ ಮುದುಕಿ ನಿಂತಿದ್ದಳು. ಇಳಕಲ್ ಸೀರೆ, ಹಣೆಯ ತುಂಬ ವಿಭೂತಿ. ಬೆವರು ಒರೆಸಿಕೊಂಡು, ಭಕ್ತಿಯಿಂದ ಮನೆಯ ಸೂರನ್ನೂ ಗೋಡೆಯನ್ನೂ ನೋಡಿ, ಆಮೇಲೆ ಇವರನ್ನು ನೋಡಿ ಕೇಳಿದಳು:

“ಗುಡಿ ಎಲ್ಲೈತ್ರೀ?”

“ಯಾವ ಗುಡಿ?”

“ನೀವು ಹೊಂಟಿದ್ದ ಗುಡಿರೀ! ಸಮುದ್ರದ ದಂಡಿ ಮ್ಯಾಲೆ ಕನ್ನಡದಾಗ ಮಾತಾಡಿದ್ದು ಕೇಳಿಸ್ತು. ನೋಡಿದ್ರ ಹಸೀ ಪಂಚಿ, ಕೈಯಾಗ ತಂಬಿಗಿ. ಇವರು ಗುಡಿಗೇ ಹೊಂಟಾರ ಅಂದ್ಕೊಂಡೆ. ನಾಕು ತಿಂಗಳಾತ್ರಿ ನಾ ಮಗನ ಮನಿಗೆ ಬಂದು, ಒಂದು ಗುಡಿ ಕಂಡಿಲ್ಲ. ಎರಡು ಸಲ ಕರದೆ, ನೀವು ಹೊಳ್ಳಿ ನೋಡಲಿಲ್ಲ. ಮಡಿಯಾಗಿರೋರನ್ನ ಮುಟ್ಟಬಾರದು, ಮಾತಾಡಸಬಾರದು ಅಂತ ದೂರನ ಬಂದೆ.”

ಆಕೆಯ ಹೆಸರು ಬನಶಂಕರಿ; ಊರು ಬಾದಾಮಿಯ ಕಡೆ. ಬಾಲಸುಬ್ರಹ್ಮಣ್ಯನವರು ಬಾಗಿಲ ಚೌಕಟ್ಟು ಹಿಡಿದುಕೊಂಡರು.

“ಬಸ್ಸಲ್ಲಿ ಸುಮ್ಮನೆ ಮೂರು ಸುತ್ತು ಹೊಡೆದಾಗಲೂ ಅನುಮಾನ ಬರಲಿಲ್ವೇನಮ್ಮ?”

“ಪ್ರದಕ್ಷಿಣಿ ಹಾಕಾಕತ್ತೀರಿ ಅಂದ್ಕೊಂಡೆ.”

“ಮಿಡ್‌ಲ್ಯಾಂಡಿಗೆ ಯಾಕೆ ಬಂದ್ರಿ?”

“ನೀವ್ಯಾಕ ಹೋದ್ರಿ?”

ಬೇಲಿಯಾಚೆ ಮಾರಿಸ್ ಪೈಪು ಕೆಳಗೆ ಹಾಕಿ, ಹೊಟ್ಟೆ ಹಿಡಿದುಕೊಂಡು ನಗುತ್ತ ಕುಳಿತುಬಿಟ್ಟಿದ್ದರು.

“ನಿಮ್ಮ ಮಗನ ಫೋನ್ ನಂಬರು?”

“ಮನ್ಯಾಗಿನ ಗ್ವಾಡಿ ಮ್ಯಾಲೆ ಬರದಿಟ್ಟಾನ್ರಿ.”

“ಮನೆ ಎಲ್ಲಿ?”

“ಅಲ್ಲೇರೀ, ಸಮುದ್ರದ ಹತ್ರನ. ನೀವು ಜಳಕ ಮಾಡಿದ್ರಲ್ಲ, ಅಲ್ಲಿಂದ ಎರಡ ಓಣಿ. ದಂಡಿ ಮುಟ್ಟಿಸಿದ್ರ ಸಾಕು, ಮುಂದ ನಾನ ಹೊಕ್ಕೇನಿ. ಸಂಜಿಗೆ ಮಗಾ ಬರೂದ್ರಾಗ ನಾ ಇರಬೇಕ್ರಿ, ಇಲ್ಲಂದ್ರ ಪೊಲೀಸರನ್ನ ಕರೀತಾನ.”

ಸಿಲ್ವಿಯಾ ಕಾರು ತರುವುದು ಸಂಜೆ ಏಳಕ್ಕೆ ಎಂದು ಮಾರಿಸ್ ಕಣ್ಣೊರೆಸಿಕೊಳ್ಳುತ್ತ ತಿಳಿಸಿದರು. ಬಾಲಸುಬ್ರಹ್ಮಣ್ಯನವರು ಬನಶಂಕರಿಗೆ ನೀರು ಕೊಟ್ಟರು, ಅವಲಕ್ಕಿ ಕೊಟ್ಟರು, ತಾವೂ ತಿಂದರು. ಆಮೇಲೆ ಒಣ ಪಂಚೆ ಉಟ್ಟು, ಬೀಗ ಹಾಕಿ, ಯಾವ ಕಡೆಗೆ ಕತ್ತು ಹೊರಳಬಾರದೆಂದು ಕಟ್ಟಪ್ಪಣೆಯಾಗಿತ್ತೋ ಅದೇ ಕಡೆಗೆ ಇಡೀ ದೇಹವನ್ನು ಹೊರಳಿಸಿ ಹೊರಟರು.

“ನೀವು ಮುಂದೆ ಹೋಗಿ ಅಮ್ಮ,” ಎಂದರು.

“ನನಗೇನು ದಾರಿ ಗೊತ್ತೈತ್ರಿ? ನೀವ ಮುಂದ ನಡೀರಿ.”

ಹಾಗೆ ಮತ್ತೆ ಅವರೇ ಮುಂದಾದರು. ಖಾಲಿ ಬೀದಿಯಲ್ಲಿ ಚಟ್ ಚಟ್. ಹಿಂದಿನಿಂದ ಚಟ್ ಸರ್ರ್. ಹತ್ತು ಹೆಜ್ಜೆಗೊಮ್ಮೆ ಸದ್ದು ನಿಂತಂತೆನಿಸಿ ಅವರು ತಿರುಗಿ ನೋಡುತ್ತಿದ್ದರು. ಪ್ರತಿ ಸಲವೂ ಆಕೆ ಬನಶಂಕರಿಯೇ ಆಗಿದ್ದಳು. ಆದರೂ ಮುಂದಿನ ಹತ್ತು ಹೆಜ್ಜೆಗೆ ಕತ್ತು ತಾನಾಗಿ ಹೊರಳುತ್ತಿತ್ತು.

ಸ್ಟೇಷನ್ನು ಕಾಣುವ ಹೊತ್ತಿಗೆ ಆಕೆಗೆ ಸಿಟ್ಟೇ ಬಂತು.

“ಹೊಳ್ಳಿ ಹೊಳ್ಳಿ ಏನ್ ನೋಡ್ತೀರಿ? ಬರಾಕತ್ತೀನಲ್ಲ! ಎಲ್ಲಿ ಹೋಗ್ಲಿ ನಾ?”