ಬಲಗಡೆಯ ಆಕ್ಸಲ್

ಕಾರು ತಿರುಗಿಸಿದಾಗಲೆಲ್ಲ ಮುಂದಿನ ಬಲಚಕ್ರದಿಂದ ಟಕ್ ಟಕ್ ಎಂದು ಸದ್ದು ಬರುತ್ತಿತ್ತು. ಕಾರಿನ ಯಜಮಾನ ಲೈಬ್ರರಿಯನ್. ಪುಸ್ತಕದ ಮೇಲಿದ್ದ ನಂಬಿಕೆ ಅವನಿಗೆ ಮನುಷ್ಯರ ಮೇಲಿರಲಿಲ್ಲ. ರಿಪೇರಿ ಪುಸ್ತಕವನ್ನು ಮೂರು ಸಲ ಓದಿ, ಆಕ್ಸಲ್ ಹೋಗಿದೆ ಎಂದು ತೀರ್ಮಾನಿಸಿ, ಹೊಸದನ್ನು ತಂದೂ ಆಗಿತ್ತು. ಉಳಿದದ್ದು ಒಂದೇ ಪ್ರಶ್ನೆ: ಗ್ಯಾರೇಜೋ, ಮನೆಯೋ?

ಹೆಂಡತಿ ಗ್ಯಾರೇಜಿಗೇ ಬಿಡಿ ಎಂದಳು. ಹೋದ ತಿಂಗಳು ಗಂಡ ನಲ್ಲಿ ರಿಪೇರಿಗೆ ಕೂತು ಅಡುಗೆಮನೆಯನ್ನು ಕೆರೆ ಮಾಡಿದ್ದನ್ನು ಅವಳು ಮರೆತಿರಲಿಲ್ಲ. ಎದುರುಮನೆಯ ಔಷಧಿ ಅಂಗಡಿಯವರು ಮಾತ್ರ, ತಾವು ವಿಡಿಯೋದಲ್ಲಿ ನೋಡಿರುವುದಾಗಿಯೂ ಅದು ಹನ್ನೆರಡು ನಿಮಿಷದ ಕೆಲಸವೆಂದೂ ಹುರಿದುಂಬಿಸಿದರು.

ಮಾವನವರನ್ನು ಯಾರೂ ಕೇಳಲಿಲ್ಲ. ಮೂವತ್ತು ವರ್ಷ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು, ನಿವೃತ್ತರಾಗಿ ಮಗಳ ಮನೆಗೆ ಬಂದ ಮೇಲೆ ಮಾತೇ ನಿಲ್ಲಿಸಿದಂತಿದ್ದರು. ಒಂದೇ ಪೇಪರನ್ನು ಸಂಜೆಯವರೆಗೆ ಓದುತ್ತಿದ್ದರು. ಅವರನ್ನು ಕೇಳಿದರೆ ತನ್ನ ಬಂಡವಾಳ ಬಯಲಾದೀತೆಂದು ಅಳಿಯನಿಗೆ ಅಳುಕು.

ಭಾನುವಾರ ಬೆಳಗ್ಗೆ ಅಂಗಳದಲ್ಲಿ ಕೆಲಸ ಶುರುವಾಯಿತು. ವೀಲ್ ಕ್ಯಾಪ್ ಕಿತ್ತು, ಚಕ್ರದ ನಡುವಿನ ದೊಡ್ಡ ನಟ್ಟಿಗೆ ಸ್ಪ್ಯಾನರ್ ಹಾಕಿದರೆ ಅದು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಸ್ಪ್ಯಾನರಿಗೆ ಉದ್ದನೆಯ ಪೈಪು ಸಿಕ್ಕಿಸಿ, ಅವನೂ ಔಷಧಿ ಅಂಗಡಿಯವರೂ ಬಾವಲಿಗಳ ಹಾಗೆ ಜೋತುಬಿದ್ದರು. ಪೈಪು ಜಾರಿ ಒಬ್ಬರ ಮೇಲೊಬ್ಬರು ಉರುಳಿದರು. ಸೊಂಟಕ್ಕೆ ಮುಲಾಮು ಹಚ್ಚಿಕೊಂಡು ಬರುತ್ತೇನೆಂದು ಹೋದ ಅಂಗಡಿಯವರು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಆಗ ಪೇಪರು ಮಡಚಿದ ಸದ್ದಾಯಿತು. ಮಾವ ಚಪ್ಪಲಿ ಮೆಟ್ಟಿಕೊಂಡು ಬಂದು ಬಗ್ಗಿ ನೋಡಿದರು. ನಟ್ಟು ಸಡಿಲವಾಗದಿರಲೆಂದು ಅದರ ತುಟಿಯಂಥ ಅಂಚನ್ನು ಕಾರ್ಖಾನೆಯಲ್ಲೇ ಒಳಕ್ಕೆ ಬಡಿದು ಮಡಿಸಿದ್ದರು.

"ತುಟಿನೇ ಬಿಡಿಸದೆ ಮಾತಾಡು ಅಂದ್ರೆ ಅದು ಹೇಗೆ ಮಾತಾಡುತ್ತೆ, ಅಳಿಯಂದ್ರೇ?"

ಉಳಿಯಿಟ್ಟು ಎರಡೇ ಏಟು. ನಟ್ಟು ಪಟ್ಟು ಬಿಟ್ಟಿತು. ಆಮೇಲೆ ಮಾವ ಹೇಳುವುದು, ಅಳಿಯ ಕಾರಿನಡಿ ಅಂಗಾತ ಮಲಗಿ ಮಾಡುವುದು, ತಪ್ಪಿದರೆ ಮಾವನೇ ಕೈ ಹಾಕುವುದು. ನಡುನಡುವೆ ಡಿಪೋದ ಕತೆಗಳು, ಡ್ರೈವರುಗಳ ಜಗಳಗಳು, ಅಳಿಯನ ಕೈಗುಣಕ್ಕೆ ಬೈಗುಳ. ಊಟಕ್ಕೆ ಕರೆಯಲು ಬಂದ ಹೆಂಡತಿ ಅಪ್ಪನ ದನಿ ಕೇಳುತ್ತ ಬಾಗಿಲಲ್ಲೇ ನಿಂತಳು. ಕರೆಯದೆ ಒಳಗೆ ಹೋದಳು.

ನಾಲ್ಕು ಗಂಟೆಗೆ ವೀಲ್ ಕ್ಯಾಪನ್ನೂ ಮತ್ತೆ ಸಿಕ್ಕಿಸಿ ಇಬ್ಬರೂ ಕಾರು ಹತ್ತಿ ಬೀದಿಯ ಕೊನೆಗೆ ಹೋದರು. ಅಳಿಯ ಉಸಿರು ಬಿಗಿಹಿಡಿದು ಸ್ಟೀರಿಂಗ್ ತಿರುಗಿಸಿದ.

ಟಕ್ ಟಕ್.

"ಅದು ವೀಲ್ ಕ್ಯಾಪಿನ ಕ್ಲಿಪ್ ಮುರಿದಿರೋ ಸದ್ದು," ಎಂದರು ಮಾವ, ಕಿಟಕಿಯಾಚೆ ನೋಡುತ್ತ. "ಮೊನ್ನೆ ನೀವು ಗೇಟಲ್ಲಿ ತಿರುಗಿಸಿದಾಗಲೇ ಗೊತ್ತಾಯ್ತು."

"ಮತ್ತೆ ಬೆಳಗ್ಗೆನೇ ಯಾಕೆ ಹೇಳಲಿಲ್ಲ, ಮಾವ?"

ಮಾವ ಗ್ರೀಸು ಮೆತ್ತಿದ ಕೈಗಳನ್ನು ತಿರುಗಿಸಿ ನೋಡಿಕೊಂಡರು. "ಆರು ವರ್ಷ ಆಗಿತ್ತು, ಇವಕ್ಕೆ ಕೆಲಸ ಸಿಕ್ಕಿ."

ಅಳಿಯನ ಮೈಯ ಒಂದೊಂದು ಕೀಲೂ ಬೇರೆಬೇರೆಯಾಗಿ ನೋಯುತ್ತಿತ್ತು. ಅವನು ಕಾರನ್ನು ಮನೆಯತ್ತ ಬಿಟ್ಟ.

"ಒಂದು ಕಡೆ ಹೊಸದು, ಇನ್ನೊಂದು ಕಡೆ ಹಳೇದು ಇರಬಾರದು," ಎಂದರು ಮಾವ. "ಬರೋ ಭಾನುವಾರ ಎಡಗಡೇದು ಬಿಚ್ಚೋಣ."

ಖಂಡಿತ ಬೇಡ ಎನ್ನಲೆಂದೇ ಅಳಿಯ ಬಾಯಿ ತೆರೆದ. ಹೊರಬಿದ್ದ ಮಾತು ಬೇರೆಯೇ ಆಗಿತ್ತು.

"ಎಷ್ಟು ಗಂಟೆಗೆ, ಮಾವ?"