ಕಟ್ಟೆಯ ಎತ್ತರವೊಂದನ್ನು ಬಿಟ್ಟು

೨೦೨೨ರ ಜೂನ್ ೬. ನನ್ನ ಡೈರಿಯ ಆ ಪುಟದಲ್ಲಿ ಹೀಗಿದೆ: "ಅಡಿಗೆಮನೆ ಹೊಸದು ಮಾಡಿಸುವುದೆಂದು ತೀರ್ಮಾನ. ಮೊದಲು ಕಟ್ಟೆಯ ಎತ್ತರ. ಆಮೇಲೆ ನಲ್ಲಿ, ಕರೆಂಟು, ಗ್ರಾನೈಟ್. ಕಡೆಗೆ ಬಣ್ಣ, ಪರದೆ." ಧಾರವಾಡದಲ್ಲಿ ಗೃಹವಿಜ್ಞಾನದ ಪದವಿ ಪಡೆದವಳು ನಾನು. ಯಾವುದು ಮೊದಲು, ಯಾವುದು ಆಮೇಲೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಶಿಗ್ಗಾಂವಿಯ ನಮ್ಮ ಮನೆಯಲ್ಲಿ ಬರೆದದ್ದು ಒಂದು, ಆಗುವುದು ಇನ್ನೊಂದು. ಅದು ಆಗುತ್ತಲೇ ಇರುತ್ತದೆ, ನಾನು ಬರೆಯುತ್ತಲೇ ಇರುತ್ತೇನೆ.

ತೊಡಕಿದ್ದದ್ದು ಎತ್ತರದಲ್ಲೇ. ನಾನು ಐದಡಿಗೆ ಎರಡಿಂಚು ಕಡಿಮೆ. ಹಿರೇಕೆರೂರಿನಿಂದ ಬಂದ ನನ್ನ ಸೊಸೆಯೋ, ನಮ್ಮ ಬಾಗಿಲುಗಳಲ್ಲಿ ತಲೆ ತಗ್ಗಿಸಿ ಓಡಾಡುವಷ್ಟು ಎತ್ತರ. ಹಳೆಯ ಕಟ್ಟೆ ನನ್ನ ಅಳತೆಗೆ ಕಟ್ಟಿಸಿದ್ದು. ಅದರ ಮೇಲೆ ಬಗ್ಗಿ ರೊಟ್ಟಿ ಬಡಿದು ಮುಗಿಸಿದರೆ ಅವಳು ಸೊಂಟ ಹಿಡಿದುಕೊಂಡೇ ಹೊರಗೆ ಬರುತ್ತಿದ್ದಳು.

"ಏನಾತವಾ?"

"ಏನಿಲ್ರಿ ಅತ್ತಿ."

ಆ "ಏನಿಲ್ರಿ" ನನಗೆ ಚೆನ್ನಾಗಿಯೇ ಕೇಳಿಸುತ್ತಿತ್ತು. ಆದರೆ ಕಟ್ಟೆ ಏರಿದರೆ ನನ್ನ ಅಡಿಗೆಮನೆಯಲ್ಲಿ ನಾನೇ ಮಣೆ ಹಾಕಿಕೊಂಡು ನಿಲ್ಲಬೇಕು. ಮಣೆ ಹತ್ತಿ ನಿಂತವಳ ಮಾತನ್ನು ಅಡಿಗೆಮನೆಯಲ್ಲಿ ಯಾರು ಕೇಳುತ್ತಾರೆ? ಹೀಗಾಗಿ ಆ ಒಂದು ವಿಷಯವನ್ನು ಇಬ್ಬರೂ ಎತ್ತಲಿಲ್ಲ. ಉಳಿದದ್ದನ್ನೆಲ್ಲ ಬಹಳ ಉತ್ಸಾಹದಿಂದ ತೀರ್ಮಾನಿಸಿದೆವು.

ಮೊದಲು ಬಂದ ಚಿಮಣಿ

ಮಗ ಹುಬ್ಬಳ್ಳಿಗೆ ಹೋದವನು ಅಡಿಗೆಮನೆಯ ಚಿಮಣಿ ತಂದ. "ಸೇಲ್ ಇತ್ತವ್ವಾ, ಬಿಟ್ರ ಸಿಗ್ತಿರಲಿಲ್ಲ" ಎಂದ. ಡಬ್ಬಿಯನ್ನು ಪಡಸಾಲೆಯಲ್ಲಿ ಇಟ್ಟೆವು. ಬಂದವರು ಅದರ ಮೇಲೆ ಚಹಾದ ಕಪ್ಪು ಇಡುವುದನ್ನು ರೂಢಿ ಮಾಡಿಕೊಂಡರು. ಬೀಗರು ಬಂದು "ಹೊಸಾ ಟಿ.ವಿ. ಏನ್ರಿ?" ಎಂದು ಕೇಳಿದರು.

ಮರುವಾರ ಅದನ್ನು ಕೂಡಿಸುವವನು ಬಂದ.

"ಎಲ್ಲಿ ಹಾಕಲ್ರಿ?"

"ಹೊಸಾ ಒಲಿ ಮ್ಯಾಲೆ ಹಾಕಪಾ."

"ಒಲಿ ಎಲ್ಲೈತ್ರಿ?"

"ಹೊಸಾ ಕಟ್ಟಿ ಮ್ಯಾಲೆ ಬರ್ತೈತಿ."

"ಕಟ್ಟಿ ಎಲ್ಲೈತ್ರಿ?"

"ಅದಿನ್ನೂ ತೀರ್ಮಾನ ಆಗಿಲ್ಲ."

ಅವನು ಒಂದು ಲೋಟ ನೀರು ಕುಡಿದು, ನನ್ನ ಸಹಿ ಹಾಕಿಸಿಕೊಂಡು ಹೋದ. ಚಿಮಣಿಯ ವಾರಂಟಿ ಮಾತ್ರ ಅವತ್ತೇ ಶುರುವಾಯಿತು. ಮೊದಲ ಐದು ತಿಂಗಳು ಅದು ಪಡಸಾಲೆಯಲ್ಲಿ ಕುಳಿತೇ ನೌಕರಿ ಮಾಡಿತು.

ನಲ್ಲಿಯವನ ಮರ್ಯಾದೆ

ಸವಣೂರಿನಿಂದ ನಲ್ಲಿ ಜೋಡಿಸುವವನು ಬಂದ. ಗೋಡೆಯ ಮುಂದೆ ನಿಂತು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಕೇಳಿದ: "ಅಕ್ಕಾರ, ಕಟ್ಟಿ ಎಷ್ಟ ಎತ್ತರ ಬರ್ತೈತ್ರಿ?"

ನಾನು ನಗುತ್ತ, "ನಂದೇನೈತಪಾ, ಇನ್ನ ಮುಂದ ಅಡಿಗಿ ಮಾಡಾಕಿ ಅಕಿ. ಸೊಸಿನ್ನ ಕೇಳು" ಎಂದೆ.

ಅವನು ಹಿತ್ತಲಿಗೆ ಹೋಗಿ ಸೊಸೆಯನ್ನು ಕೇಳಿದ. ಅವಳೂ ನಗುತ್ತ, "ಅಯ್ಯ, ಅತ್ತಿ ಇರೂಮುಂದ ನಾ ಏನ್ ಹೇಳ್ಲಿರಿ? ಅವರು ಹೇಳಿದಂಗ" ಎಂದಳು.

ಅವನು ಮತ್ತೆ ನನ್ನ ಹತ್ತಿರ ಬಂದ. ನಾನು ಮತ್ತೆ ಹಿತ್ತಲಿಗೆ ಕಳಿಸಿದೆ. ಮರುದಿನವೂ ಬಂದ, ಮರುದಿನವೂ ಅದೇ ಆಯಿತು. ಕಡೆಗೆ ಚೀಲ ಹೆಗಲಿಗೆ ಹಾಕಿಕೊಂಡು ಹೇಳಿದ:

"ನಿಮ್ಮ ಮನ್ಯಾಗ ಒಬ್ಬರಿಗೊಬ್ಬರು ಮರ್ಯಾದಿ ಭಾಳ ಕೊಡ್ತೀರಿ ಅಕ್ಕಾರ, ಚಲೋ ಆತು. ಆದ್ರ ಪೈಪಿಗೆ ಮರ್ಯಾದಿ ತಿಳಿಯೂದಿಲ್ರಿ, ಅದಕ್ಕ ಇಂಚು ಬೇಕು."

ಪರದೆ

ಕಟ್ಟೆ ಮೊಣಕೈಗಿಂತ ನಾಲ್ಕು ಬೆರಳು ಕೆಳಗಿರಬೇಕು ಎಂದು ನಾನು ಕಾಲೇಜಿನಲ್ಲಿ ಓದಿದ್ದೆ. ಯಾರ ಮೊಣಕೈ ಎಂಬುದನ್ನು ಮಾತ್ರ ನಮ್ಮ ಪುಸ್ತಕದಲ್ಲಿ ಬರೆದಿರಲಿಲ್ಲ.

ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಹೊಲಿಗೆ ಯಂತ್ರದ ಟೇಪು ಹಿಡಿದು ಅಡಿಗೆಮನೆಗೆ ಹೋದೆ. ಒಂದು ತುದಿಯನ್ನು ಕಾಲಲ್ಲಿ ಒತ್ತಿ, ಇನ್ನೊಂದನ್ನು ಮೊಣಕೈಗೆ ಹಿಡಿದು ನೆಟ್ಟಗೆ ನಿಂತಿದ್ದೆ. ಬಾಗಿಲು ಸರಿಯಿತು. ಸೊಸೆ. ಅವಳ ಕೈಯಲ್ಲಿ ಗಂಡನ ಉಕ್ಕಿನ ಟೇಪು.

ನಾನು ಟೇಪನ್ನು ಸರಕ್ಕನೆ ಕಿಟಕಿಗೆ ಹಿಡಿದೆ.

"ಕಿಡಕಿ ಪರದಾಕ್ಕ ಅಳತಿ ತಗೋಳಾಕತ್ತೇನಿ" ಎಂದೆ.

"ನಾನೂ ಅದಕ್ಕ ಬಂದೇನ್ರಿ ಅತ್ತಿ" ಎಂದಳು.

ಹೇಳಿದ ಮೇಲೆ ಬಿಡಲಿಕ್ಕಾಗುತ್ತದೆಯೇ? ಇಬ್ಬರೂ ಕೂಡಿ ಕಿಟಕಿಯನ್ನು ಎರಡೆರಡು ಸಲ ಅಳೆದೆವು. ಹಾನಗಲ್ಲಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿರುವ ನನ್ನ ತಂಗಿಯನ್ನೂ ಕರೆದುಕೊಂಡು, ಹೂವಿನ ಪರದೆ ಹೊಲಿಸಿ ತಂದೆವು. ಹೊಸ ಅಡಿಗೆಮನೆಗೆ ಪೂರ್ತಿ ಸಿದ್ಧವಾದ ಮೊದಲ ವಸ್ತು ಅದು. ಚಿಮಣಿಯ ಕೊಳವೆಗೆ ಜಾಗ ಬೇಕೆಂದು ಆ ಕಿಟಕಿಯನ್ನು ಆಮೇಲೆ ಇಟ್ಟಂಗಿಯಿಂದ ಮುಚ್ಚಿಸಿದೆವು.

ಬಂಕಾಪುರದಲ್ಲಿ ರೊಟ್ಟಿ

ಗೌಂಡಿ ಕೆಲಸಕ್ಕೆ ಬಂದು ಹಳೆಯ ಕಟ್ಟೆ ಒಡೆದ. "ನಾಳೆ ಹೊಸಾದು ಎಬ್ಬಿಸ್ತೇನ್ರಿ, ಎತ್ತರ ಹೇಳ್ರಿ" ಎಂದ. ಬೆಳಿಗ್ಗೆ ಎದ್ದವಳೇ ನಾನು "ಗ್ರಾನೈಟ್ ನೋಡಿ ಬರೋಣ ನಡೀವಾ" ಎಂದೆ. ಸೊಸೆ ನನಗಿಂತ ಮೊದಲು ಚಪ್ಪಲಿ ಹಾಕಿಕೊಂಡು ನಿಂತಿದ್ದಳು.

ಬಂಕಾಪುರದ ಹತ್ತಿರ ಹೆದ್ದಾರಿಯ ಬದಿಗೇ ಕಲ್ಲಿನ ಅಂಗಡಿ. ನನಗೆ ಕಪ್ಪು ಬೇಕು, ಅವಳಿಗೆ ಬೂದು. ನಾನು ಪರೀಕ್ಷೆ ಮಾಡದೆ ಏನನ್ನೂ ಕೊಳ್ಳುವವಳಲ್ಲ. ನಾದಿದ ಜೋಳದ ಹಿಟ್ಟನ್ನು ಡಬ್ಬಿಯಲ್ಲಿ ಒಯ್ದಿದ್ದೆ. ಅಂಗಡಿಯ ಸಾಹೇಬರು, ಬಿಳಿ ಗಡ್ಡದ ಹಿರಿಯರು, ಎರಡು ಕಲ್ಲುಗಳನ್ನು ಅಡ್ಡ ಹಾಕಿಸಿ ಕೊಟ್ಟರು. ಕಪ್ಪು ಕಲ್ಲಿನ ಮೇಲೆ ನಾನು, ಬೂದು ಕಲ್ಲಿನ ಮೇಲೆ ಅವಳು ರೊಟ್ಟಿ ಬಡಿಯತೊಡಗಿದೆವು. ಪಟಪಟ ಸದ್ದು ರಸ್ತೆಯತನಕ ಹೋಯಿತು. ಜನ ಕೂಡಿದರು. ಸಾಹೇಬರು "ಅಕ್ಕಾರ, ಕಪ್ಪಿನ್ಯಾಗ ಹಿಟ್ಟು ಎದ್ದ ಕಾಣ್ತೈತ್ರಿ" ಎಂದು ಬೂದು ಕಲ್ಲಿನ ಕಡೆಗೆ ತೀರ್ಪು ಕೊಟ್ಟರು. ನಾನು ಒಪ್ಪಲಿಲ್ಲ. ಮತ್ತೊಂದು ಮುದ್ದೆ ತೆಗೆದೆ.

ಅಷ್ಟರಲ್ಲಿ ಲಾರಿಯೊಂದು ನಿಂತಿತು. ಚಾಲಕ ಇಳಿದು ಬಂದು, ಕೈ ತೊಳೆದುಕೊಂಡು, ಒಂದು ಕಲ್ಲಿನ ಮೇಲೆ ಆರಾಮಾಗಿ ಕುಳಿತ.

"ಅಕ್ಕಾ, ಎರಡು ರೊಟ್ಟಿ, ಒಂದು ಪಲ್ಯ. ಖಾರ ಜಾಸ್ತಿ ಇರ್ಲಿ."

ಅಳತೆ

ಈ ಗದ್ದಲದಲ್ಲಿ ನಮ್ಮಿಬ್ಬರ ಚೀಲದಲ್ಲೂ ಫೋನು ಬಡಿದುಕೊಳ್ಳುತ್ತಿತ್ತು. ಹಿಟ್ಟಿನ ಕೈ, ಯಾರೂ ಎತ್ತಲಿಲ್ಲ. ಸಂಜೆ ಬೂದು ಕಲ್ಲು ಗೊತ್ತುಮಾಡಿ ಮನೆಗೆ ಬಂದರೆ, ಕಟ್ಟೆ ಎದ್ದು ನಿಂತಿತ್ತು.

"ಯಾರನ್ನ ಕೇಳಿ ಎಬ್ಬಿಸಿದಿಪಾ?" ಎಂದೆ.

"ಇಬ್ಬರಿಗೂ ಫೋನ್ ಮಾಡೇ ಮಾಡಿದ್ನ್ರಿ. ಕಡೀಕ ಮಾಲಕರನ್ನ ಗ್ವಾಡಿಗೆ ನಿಂದ್ರಿಸಿ ಅವರ ಅಳತಿ ತಗೊಂಡ್ನ್ರಿ" ಎಂದ ಗೌಂಡಿ.

ಮಾಲಕರೆಂದರೆ ನಮ್ಮ ಮನೆಯವರು. ನಿವೃತ್ತರಾದಾಗಿನಿಂದ ಪೇಪರು ಹಿಡಿದು ಕುಳಿತವರು, ಅಡಿಗೆಮನೆಗೆ ನೀರು ಕುಡಿಯಲು ಮಾತ್ರ ಬರುವವರು. ನಾನು ಹೋಗಿ ನಿಂತೆ. ಕಟ್ಟೆ ನನ್ನ ಎದೆಗೆ ಬಂತು. ಸೊಸೆ ನಿಂತಳು, ಅವಳಿಗೆ ಇನ್ನೂ ಬಗ್ಗಬೇಕು. ಇವರು ಬಂದು ನಿಂತರು. ಮೊಣಕೈಗಿಂತ ನಾಲ್ಕು ಬೆರಳು ಕೆಳಗೆ. ಪುಸ್ತಕದಲ್ಲಿ ಇದ್ದಂತೆಯೇ.

"ಯಾಕ, ಬರೋಬ್ಬರಿ ಐತಲ್ಲ!" ಎಂದರು ಸಂತೋಷದಿಂದ.

ಸೊಸೆ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಅಷ್ಟು ತಿಂಗಳಲ್ಲಿ ನಾವಿಬ್ಬರೂ ಕೂಡಿ ಒಂದೇ ಮಾತು ಆಡಿದ್ದು ಅವತ್ತೇ.

"ಹಂಗಾರ ನೀವ ಮಾಡ್ರಿ!"

ಇವರು ಮಾಡತೊಡಗಿದರು. ಮೊದಲ ದಿನ ಬಡಿದ ರೊಟ್ಟಿ ಹಾವೇರಿ ಜಿಲ್ಲೆಯ ನಕಾಶೆಯ ಹಾಗಿತ್ತು. ಸೊಸೆ ತಿರುಗಿಸಿ ನೋಡಿ, "ಮಾವಾರ, ನಿಮ್ಮ ಶಿಗ್ಗಾಂವಿ ಚಲೋ ಬೆಂದೈತ್ರಿ. ನಮ್ಮ ಹಿರೇಕೆರೂರನ್ನಷ್ಟ ಯಾಕ ಸುಟ್ರಿ?" ಎಂದಳು. ಈಗ ಬೆಳಗಿನ ಚಹಾ, ಅವಲಕ್ಕಿ, ಸಂಜೆಯ ಅನ್ನ ಅವರವು. ಚಿಮಣಿಯ ಗುಂಡಿ ಒತ್ತುವುದು ಅವರಿಗೊಬ್ಬರಿಗೇ ಗೊತ್ತು.

ರೊಟ್ಟಿ ಮಾತ್ರ ನಮ್ಮಿಬ್ಬರದು. ಅವರ ಕಾಲ ಬಳಿ ನೆಲದ ಮೇಲೆ ಹಿಟ್ಟು ನಾದುವ ಪರಾತ ಇಟ್ಟುಕೊಂಡು ಬಡಿಯುತ್ತೇವೆ. ಕುಳಿತರೆ ನಾವಿಬ್ಬರೂ ಹೆಚ್ಚುಕಡಿಮೆ ಒಂದೇ ಎತ್ತರ. ಅವಳ ಉದ್ದವೆಲ್ಲ ಕಾಲಿನಲ್ಲಿದೆ.

ಕಟ್ಟೆ, ಗ್ರಾನೈಟ್, ನಲ್ಲಿ, ಚಿಮಣಿ, ಪರದೆ ಸೇರಿ ನಮ್ಮ ಮನೆಯವರ ಅಡಿಗೆಮನೆಗೆ ಆದ ಖರ್ಚು ಮೂರು ಲಕ್ಷ ಹದಿನೆಂಟು ಸಾವಿರ. ನಾವಿಬ್ಬರೂ ನೆಲದ ಮೇಲೆ ಇಟ್ಟುಕೊಂಡ ಒಂಟಿ ಗ್ಯಾಸ್ ಒಲೆಗೆ ಸಾವಿರದ ನಾನೂರು.